ಪೂಜಾವಸ್ತ್ರಗಳ ಕೊಠಡಿಯ ಬಾಗಿಲಲ್ಲಿ ನಿಂತ ಬಾಲಕ

ನಮ್ಮ ದೇವಾಲಯವು ನೂರು ಸಂವತ್ಸರಗಳನ್ನು ಪೂರೈಸಿದ ಈ ಶುಭ ಸಂದರ್ಭದಲ್ಲಿ ಹೊರಬರುತ್ತಿರುವ ಸ್ಮರಣ ಸಂಚಿಕೆಯಲ್ಲಿ, ಅಸ್ತಿವಾರದ ಕಲ್ಲನ್ನು ಇಟ್ಟವರು ಯಾರು, ಗಂಟೆಗೋಪುರಕ್ಕೆ ಹಣ ಒದಗಿಸಿದವರು ಯಾರು, ಯಾವ ಯಾವ ಗುರುಗಳು ಯಾವ ಯಾವ ವರ್ಷಗಳಲ್ಲಿ ಇಲ್ಲಿ ಸೇವೆ ಸಲ್ಲಿಸಿದರು ಎಂಬ ವಿವರಗಳನ್ನು ವಾಚಕರು ಬೇರೆ ಪುಟಗಳಲ್ಲಿ ಕಾಣುವರು. ಅವೆಲ್ಲವೂ ಅಗತ್ಯವಾದುವೇ. ಆದರೆ ಯಾವ ಶಿಲಾಫಲಕದಲ್ಲಿಯೂ ಕೆತ್ತಿಲ್ಲದ, ಯಾವ ದಾಖಲೆ ಪುಸ್ತಕದಲ್ಲಿಯೂ ಬರೆದಿಲ್ಲದ ಮತ್ತೊಂದು ಇತಿಹಾಸವು ಪ್ರತಿಯೊಂದು ಧರ್ಮಕೇಂದ್ರಕ್ಕೂ ಇರುತ್ತದೆ. ಯಾವ ಹಿರಿಯರು ಯಾವ ಮಗುವಿನ ಕೈ ಹಿಡಿದು ನಡೆಸಿದರು ಎಂಬುದೇ ಆ ಇತಿಹಾಸ. ಕಲ್ಲಿನ ಗೋಡೆಗಳು ನೂರು ವರ್ಷ ನಿಂತಿರಬಹುದು. ಆದರೆ ಒಂದು ಪೀಳಿಗೆಯ ವಿಶ್ವಾಸವನ್ನು ಮುಂದಿನ ಪೀಳಿಗೆಗೆ ದಾಟಿಸಿದುದು ಆ ಗೋಡೆಗಳಲ್ಲ, ಮನುಷ್ಯರ ಕೈಗಳು.

ಈ ಮಾತಿನ ಸತ್ಯವನ್ನು ಅರಿಯಲು ನಮಗೆ ಸಂತ ಜಾನ್ ಬೋಸ್ಕೊರವರ ಜೀವನಕ್ಕಿಂತ ಸ್ವಚ್ಛವಾದ ಕನ್ನಡಿ ದೊರೆಯಲಾರದು. ಪ್ರತಿವರ್ಷ ಜನವರಿ ೩೧ರಂದು ನಾವು ಅವರ ಹಬ್ಬವನ್ನು ಆಚರಿಸುತ್ತೇವೆ. ನಮ್ಮ ಅನೇಕ ಮನೆಗಳಲ್ಲಿ ಮಕ್ಕಳಿಗೆ ಅವರ ಹೆಸರನ್ನು ಇಟ್ಟಿದ್ದೇವೆ. ಆದರೆ ಯುವಜನರ ತಂದೆಯೆಂದು ಧರ್ಮಸಭೆಯು ಕೊಂಡಾಡುವ ಈ ಮಹಾತ್ಮರು, ತಾವೇ ಬಾಲಕರಾಗಿದ್ದಾಗ, ಒಬ್ಬ ಗುರುವಿನ ಒಂದು ಮಾತಿಗಾಗಿ ಹಂಬಲಿಸಿ ದಾರಿಯಲ್ಲಿ ನಿಂತಿದ್ದರೆಂಬುದನ್ನು ನಮ್ಮಲ್ಲಿ ಎಷ್ಟು ಜನರು ಬಲ್ಲರು? ಆ ಸಂಗತಿಯಿಂದಲೇ ಆರಂಭಿಸೋಣ.

ಬಡ ಬಾಲಕನೂ ವೃದ್ಧ ಗುರುವೂ

ಜಾನ್ ಬೋಸ್ಕೊ ಜನಿಸಿದುದು ೧೮೧೫ನೆಯ ಇಸವಿ ಆಗಸ್ಟ್ ೧೬ರಂದು, ಉತ್ತರ ಇಟಲಿಯ ಪಿಯೆಮೊಂಟ್ ಪ್ರಾಂತ್ಯದ ಬೆಕ್ಕಿ ಎಂಬ ಪುಟ್ಟ ಹಳ್ಳಿಯಲ್ಲಿ. ಎರಡು ವರ್ಷ ತುಂಬುವ ಮೊದಲೇ ಮಗುವು ತಂದೆಯನ್ನು ಕಳೆದುಕೊಂಡಿತು. ತಾಯಿ ಮಾರ್ಗರೀತ ಹೊಲದಲ್ಲಿ ದುಡಿದು ಸಂಸಾರವನ್ನು ಸಾಗಿಸಿದರು. ಓದಬೇಕು, ಗುರುವಾಗಬೇಕು ಎಂಬುದು ಬಾಲಕನ ಹಂಬಲ. ಆದರೆ ತಂದೆಯ ಮೊದಲ ಹೆಂಡತಿಯ ಮಗನಾದ ಅಣ್ಣ ಆಂತೋನಿಯೊಗೆ ಇದು ಸರಿಬೀಳಲಿಲ್ಲ. ಹೊಲ ಉಳುವವನ ಮನೆಯಲ್ಲಿ ಪುಸ್ತಕವೇಕೆಂಬುದು ಅವನ ವಾದ. ಮನೆಯ ಕಲಹವನ್ನು ತಪ್ಪಿಸಲು, ೧೮೨೮ರಲ್ಲಿ, ಹನ್ನೆರಡು ವರ್ಷದ ಜಾನ್ ಮನೆಬಿಟ್ಟು ಬೇರೆಯವರ ಹೊಲಮನೆಯಲ್ಲಿ ಕೂಲಿಯಾಳಾಗಿ ಸೇರಬೇಕಾಯಿತು. ಸುಮಾರು ಒಂದೂ ಮುಕ್ಕಾಲು ವರ್ಷ ಹುಡುಗನು ಅಲ್ಲಿ ದುಡಿದನು.

೧೮೨೯ರ ನವೆಂಬರ್ ತಿಂಗಳಿನಲ್ಲಿ ನೆರೆಯ ಊರಿನ ಧ್ಯಾನಕೂಟದಿಂದ ಜನರೊಂದಿಗೆ ಹಿಂದಿರುಗುತ್ತಿದ್ದಾಗ, ಎಪ್ಪತ್ತರ ಆಸುಪಾಸಿನ ಒಬ್ಬ ಗುರುಗಳು ಈ ಹುಡುಗನನ್ನು ಗಮನಿಸಿದರು. ಅವರೇ ಮುರಿಯಾಲ್ದೊದ ಚಿಕ್ಕ ದೇವಾಲಯದ ಗುರು ಕಾಲೊಸ್ಸೊ. ಇವತ್ತಿನ ಪ್ರಬೋಧನೆಯಲ್ಲಿ ನಿನಗೇನು ತಿಳಿಯಿತೆಂದು ಅವರು ಸ್ವಲ್ಪ ಪರಿಹಾಸದಿಂದಲೇ ಕೇಳಿ, ನಾಲ್ಕು ಮಾತು ಹೇಳಿದರೆ ನಾಲ್ಕು ಕಾಸು ಕೊಡುವೆನೆಂದರು. ಹುಡುಗನು ಸುಮಾರು ಅರ್ಧ ಗಂಟೆಯ ಕಾಲ ಇಡೀ ಪ್ರಬೋಧನೆಯನ್ನೇ ಒಪ್ಪಿಸಿದನು. ವೃದ್ಧರು ಬೆರಗಾದರು, ಆದರೆ ಮೆಚ್ಚುಗೆಯ ಮಾತನ್ನಾಡಿ ಮುಂದೆ ಹೋಗಿಬಿಡಲಿಲ್ಲ. ಯಾರ ಮಗ, ಎಲ್ಲಿಯವರೆಗೆ ಓದಿದ್ದೀಯೆ, ಮುಂದೇನು ಮಾಡಬೇಕೆಂದಿದ್ದೀಯೆ ಎಂದು ವಿಚಾರಿಸಿದರು. ತಾಯಿಯನ್ನು ಕಂಡು ಮಾತನಾಡಿದರು. ತಾವೇ ಲತೀನ್ ಭಾಷೆಯ ಪಾಠ ಹೇಳಿಕೊಡತೊಡಗಿದರು. ಕಡೆಗೆ ತಮ್ಮ ಮನೆಯಲ್ಲಿಯೇ ಇರಿಸಿಕೊಂಡರು. ತಂದೆಯ ಮುಖವನ್ನೇ ಸರಿಯಾಗಿ ಕಾಣದ ಹುಡುಗನಿಗೆ ತಂದೆಯೇ ದೊರೆತಂತಾಯಿತು.

ಆ ಭಾಗ್ಯ ಬಹುಕಾಲ ಉಳಿಯಲಿಲ್ಲ. ಒಂದೇ ವರ್ಷದ ಬಳಿಕ, ೧೮೩೦ರ ನವೆಂಬರಿನಲ್ಲಿ, ಕಾಲೊಸ್ಸೊ ಪಾರ್ಶ್ವವಾಯು ಬಡಿದು ತೀರಿಕೊಂಡರು. ಮಾತು ನಿಂತುಹೋಗಿದ್ದ ಅವರು ತಮ್ಮ ಹಣದ ಪೆಟ್ಟಿಗೆಯ ಬೀಗದ ಕೈಯನ್ನು ಹುಡುಗನ ಕೈಯಲ್ಲಿಟ್ಟು ಸನ್ನೆ ಮಾಡಿದರು. ವಾರಸುದಾರರು ಬಂದಾಗ ಜಾನ್ ಆ ಬೀಗದ ಕೈಯನ್ನು ಅವರಿಗೆ ಒಪ್ಪಿಸಿಬಿಟ್ಟನು. ಹಣವು ಹೋಯಿತು, ಆದರೆ ಒಂದು ವರ್ಷದ ಆ ವಾತ್ಸಲ್ಯವನ್ನು ಯಾವ ವಾರಸುದಾರನೂ ಕೊಂಡೊಯ್ಯಲಾಗಲಿಲ್ಲ.

ಇದಕ್ಕೆ ಪ್ರತಿಯಾದ ಮತ್ತೊಂದು ನೆನಪೂ ಉಂಟು. ಪೋಪ್ ಒಂಬತ್ತನೆಯ ಪಿಯುಸ್‌ರವರ ಅಪೇಕ್ಷೆಯಂತೆ ೧೮೭೦ರ ದಶಕದಲ್ಲಿ ಬರೆದ ತಮ್ಮ ಸ್ಮೃತಿಗಳಲ್ಲಿ ಬೋಸ್ಕೊರವರು ಅದನ್ನು ಮರೆಯದೆ ದಾಖಲಿಸಿದ್ದಾರೆ. ಕಾಲೊಸ್ಸೊರವರು ತೀರಿಕೊಂಡ ಮೇಲೆ ಶಾಲೆಗೆ ಹೋಗುವ ದಾರಿಯಲ್ಲಿ ಎದುರಾಗುತ್ತಿದ್ದ ಗುರುಗಳಿಗೆ ಹುಡುಗನು ವಂದಿಸುತ್ತಿದ್ದನು. ಅವರು ಸಭ್ಯತೆಯಿಂದ ಪ್ರತಿವಂದನೆ ಮಾಡಿ ಮುಂದೆ ನಡೆಯುತ್ತಿದ್ದರು, ಅಷ್ಟೇ. ಅವರು ಕೆಟ್ಟವರಾಗಿರಲಿಲ್ಲ, ಗೌರವಸ್ಥರೇ ಆಗಿದ್ದರು. ಆದರೆ ಯಾರೊಬ್ಬರೂ ನಿಲ್ಲಲಿಲ್ಲ. ತಾನು ಗುರುವಾದರೆ ಹೀಗೆ ಮಾಡುವುದಿಲ್ಲ, ಮಕ್ಕಳ ಬಳಿಗೆ ತಾನೇ ಹೋಗುವೆನೆಂದು ಆ ಬಾಲಕನು ತಾಯಿಯ ಬಳಿ ಕಣ್ಣೀರಿಟ್ಟು ಹೇಳಿಕೊಂಡನಂತೆ. ನಾಲ್ಕು ದಶಕಗಳ ನಂತರವೂ ಮಾಸದೆ ಉಳಿದ ಈ ನೋವನ್ನು ಓದಿದಾಗಲೆಲ್ಲ, ಬಿಳಿಯ ನಿಲುವಂಗಿಯನ್ನು ತೊಟ್ಟು ದಶಕಗಳನ್ನು ಕಳೆದ ನಮಗೆ ತಲೆಯೆತ್ತಲಾಗುವುದಿಲ್ಲ.

ಸೆರೆಮನೆಯಿಂದ ಪೂಜಾಕೊಠಡಿಗೆ

೧೮೪೧ರ ಜೂನ್ ೫ರಂದು ಜಾನ್ ಬೋಸ್ಕೊ ಗುರುದೀಕ್ಷೆ ಪಡೆದರು. ಅಂದಿನಿಂದ ಜನರು ಅವರನ್ನು ಡಾನ್ ಬೋಸ್ಕೊ ಎಂದು ಕರೆಯತೊಡಗಿದರು. ಕೈತುಂಬ ಸಂಬಳ ದೊರೆಯುವ ಸ್ಥಾನಗಳು ಎದುರಿಗಿದ್ದವು. ಯಾವುದನ್ನು ಒಪ್ಪಿಕೊಳ್ಳಬೇಕೆಂದು ಅವರು ಕೇಳಿದುದು ತಮಗಿಂತ ಕೇವಲ ನಾಲ್ಕು ವರ್ಷ ಹಿರಿಯರಾಗಿದ್ದ ಗುರು ಜೋಸೆಫ್ ಕಫಾಸ್ಸೊರವರನ್ನು. ಸದ್ಯಕ್ಕೆ ಯಾವುದೂ ಬೇಡ, ಟ್ಯೂರಿನ್ ನಗರಕ್ಕೆ ಬಂದು ಇನ್ನೂ ಕಲಿ ಎಂಬುದು ಅವರ ಸಲಹೆಯಾಗಿತ್ತು. ಕಫಾಸ್ಸೊರವರು ಕೇವಲ ಬುದ್ಧಿವಾದ ಹೇಳಿ ಕುಳಿತವರಲ್ಲ. ಕಿರಿಯ ಗುರುವನ್ನು ಜೊತೆಯಲ್ಲಿ ಕರೆದುಕೊಂಡು ನಗರದ ಸೆರೆಮನೆಗಳಿಗೆ ಹೋದರು. ಅಲ್ಲಿ ಡಾನ್ ಬೋಸ್ಕೊ ಕಂಡುದೇನು? ಹನ್ನೆರಡರಿಂದ ಹದಿನೆಂಟರ ವಯಸ್ಸಿನ, ಆರೋಗ್ಯವಂತರಾದ, ಬುದ್ಧಿವಂತರಾದ ಹುಡುಗರು ಹುಳುಹುಪ್ಪಟೆಗಳ ನಡುವೆ ಕೊಳೆಯುತ್ತಿದ್ದರು. ಬಿಡುಗಡೆಯಾದವರೇ ಮತ್ತೆ ಸೆರೆಗೆ ಬರುತ್ತಿದ್ದರು. ಹೊರಗೆ ತಮ್ಮವರೆನ್ನುವ ಒಬ್ಬ ಸ್ನೇಹಿತನೂ ಇಲ್ಲದಿದ್ದುದೇ ಇದಕ್ಕೆ ಕಾರಣವೆಂದು ಅವರಿಗೆ ಮನವರಿಕೆಯಾಯಿತು.

ಅದೇ ವರ್ಷ ಡಿಸೆಂಬರ್ ೮, ಕನ್ಯಾಮರಿಯಮ್ಮನವರ ಅಮಲೋದ್ಭವದ ಹಬ್ಬ. ಟ್ಯೂರಿನ್ ನಗರದ ಅಸ್ಸಿಸಿಯ ಸಂತ ಫ್ರಾನ್ಸಿಸರ ದೇವಾಲಯದಲ್ಲಿ ಡಾನ್ ಬೋಸ್ಕೊ ಬಲಿಪೂಜೆಗೆ ಸಿದ್ಧರಾಗುತ್ತಿದ್ದರು. ಸಾಕ್ರಿಸ್ತಿಯೆಂದು ನಾವು ಕರೆಯುವ ಪೂಜಾವಸ್ತ್ರಗಳ ಕೊಠಡಿಯ ಮೂಲೆಯಲ್ಲಿ ಒಬ್ಬ ಹುಡುಗ ನಿಂತಿದ್ದನು. ದೇವಾಲಯದ ಸೇವಕನು, ಪೂಜೆಗೆ ಸಹಾಯ ಮಾಡು ಎಂದನು. ತನಗೆ ಬಾರದೆಂದನು ಹುಡುಗ. ಬಾರದಿದ್ದರೆ ಇಲ್ಲಿಗೇಕೆ ಬಂದೆ ಎಂದು ಸೇವಕನು ಧೂಳು ಹೊಡೆಯುವ ಕೋಲಿನಿಂದಲೇ ಬಡಿದು ಓಡಿಸಿದನು. ಡಾನ್ ಬೋಸ್ಕೊ ಗದರಿ, ಅವನು ನನ್ನ ಸ್ನೇಹಿತ, ಕೂಡಲೇ ಕರೆದು ತಾ ಎಂದರು. ಹುಡುಗನು ನಡುಗುತ್ತ ಬಂದನು.

ಪೂಜೆ ಮುಗಿದ ಬಳಿಕ ಅವರು ಅವನ ಹೆಸರು ಕೇಳಿದರು: ಬಾರ್ತಲೊಮೆಯೊ ಗರೆಲ್ಲಿ. ಊರು ಆಸ್ತಿ. ತಂದೆಯಿಲ್ಲ, ತಾಯಿಯಿಲ್ಲ. ವಯಸ್ಸು ಹದಿನಾರು. ಓದಲು ಬಾರದು, ಬರೆಯಲು ಬಾರದು. ಪ್ರಥಮ ಪರಮಪ್ರಸಾದ ಸ್ವೀಕಾರವೂ ಆಗಿಲ್ಲ. ಧರ್ಮೋಪದೇಶಕ್ಕೆ ಏಕೆ ಹೋಗುವುದಿಲ್ಲವೆಂಬ ಪ್ರಶ್ನೆಗೆ ಅವನು ಕೊಟ್ಟ ಉತ್ತರವನ್ನು ನಾವೆಲ್ಲರೂ ಮನಸ್ಸಿನಲ್ಲಿ ಬರೆದಿಟ್ಟುಕೊಳ್ಳಬೇಕು. ತನಗೆ ನಾಚಿಕೆಯೆಂದನು. ತನಗಿಂತ ಚಿಕ್ಕ ಮಕ್ಕಳಿಗೆ ಎಲ್ಲವೂ ಗೊತ್ತು, ಇಷ್ಟು ದೊಡ್ಡವನಾದ ತನಗೆ ಏನೂ ಗೊತ್ತಿಲ್ಲ, ಅವರ ಮಧ್ಯೆ ಕುಳಿತುಕೊಳ್ಳುವುದು ಹೇಗೆಂಬುದೇ ಅವನ ಸಂಕಟ. ಪ್ರತ್ಯೇಕವಾಗಿ ಕಲಿಸಿದರೆ ಬರುವೆಯಾ ಎಂದಾಗ, ಹೊಡೆಯದಿದ್ದರೆ ಬರುವೆನೆಂದನು. ಶಿಳ್ಳೆ ಹಾಕಲು ಬರುತ್ತದೆಯೇ ಎಂದು ಗುರುಗಳು ಕೇಳಿದಾಗ ಅವನ ಮುಖದಲ್ಲಿ ಮೊದಲ ಬಾರಿಗೆ ನಗೆ ಮೂಡಿತೆಂದು ಜೀವನಚರಿತ್ರಕಾರರು ಹೇಳುತ್ತಾರೆ. ಇಬ್ಬರೂ ಮೊಣಕಾಲೂರಿ ಒಂದು ನಮೋ ಮರಿಯ ಹೇಳಿದರು. ಪಾಠವು ಶಿಲುಬೆಯ ಗುರುತಿನಿಂದ ಆರಂಭವಾಯಿತು. ಮುಂದಿನ ಭಾನುವಾರ ಅವನು ಒಬ್ಬನೇ ಬರಲಿಲ್ಲ, ಜೊತೆಗಾರರನ್ನು ಕರೆತಂದನು. ಮುಂದೆ ಲೋಕದಾದ್ಯಂತ ಹಬ್ಬಿದ ಒಂದು ಮಹಾಸೇವೆಯ ಮೊದಲ ದಿನವೆಂದು ಡಾನ್ ಬೋಸ್ಕೊ ಕಡೆಯವರೆಗೂ ಪರಿಗಣಿಸಿದುದು ಇದನ್ನೇ.

ಪ್ರಿಯ ವಾಚಕರೇ, ಒಂದೇ ಕೊಠಡಿಯಲ್ಲಿ, ಒಂದೇ ಗಳಿಗೆಯಲ್ಲಿ, ಒಬ್ಬನೇ ಹುಡುಗನನ್ನು ಇಬ್ಬರು ನೋಡಿದರು. ದೇವಾಲಯದ ಸೇವಕನಿಗೆ ಕಂಡುದು ಕೆಲಸಕ್ಕೆ ಬಾರದವನು. ಡಾನ್ ಬೋಸ್ಕೊರಿಗೆ ಕಂಡುದು ಸ್ನೇಹಿತ. ಯುವಜನರ ಮಾರ್ಗದರ್ಶನದ ಶಾಸ್ತ್ರವೆಲ್ಲ ಈ ವ್ಯತ್ಯಾಸದಲ್ಲಿದೆ.

ಹುಡುಗರ ಗದ್ದಲಕ್ಕೆ ಒಂದು ನೆಲೆ

ಹುಡುಗರ ಸಂಖ್ಯೆ ಬೆಳೆದಂತೆ ತೊಂದರೆಗಳೂ ಬೆಳೆದವು. ಗಾರೆ ಕೆಲಸದವರು, ಕಲ್ಲುಕುಟಿಗರು, ಹಳ್ಳಿಯಿಂದ ಕೂಲಿಯರಸಿ ಬಂದವರು ಒಂದೆಡೆ ಸೇರಿದರೆ ಗದ್ದಲವಾಗದಿರುವುದೇ? ನೆರೆಹೊರೆಯವರು ದೂರು ಕೊಟ್ಟರು. ಒಂದೆಡೆಯಿಂದ ಇನ್ನೊಂದೆಡೆಗೆ, ಕಡೆಗೆ ಬಯಲಿಗೆ, ಈ ಸಮೂಹ ಅಲೆಯಿತು. ಡಾನ್ ಬೋಸ್ಕೊರಿಗೆ ಬುದ್ಧಿಭ್ರಮಣೆಯಾಗಿದೆಯೆಂದು ಅಂದುಕೊಂಡ ಗುರುಗಳೂ ಇದ್ದರು. ೧೮೪೬ರ ಏಪ್ರಿಲ್ ೧೨, ಪುನರುತ್ಥಾನದ ಭಾನುವಾರದಂದು, ವಾಲ್ದೊಕ್ಕೊ ಎಂಬಲ್ಲಿ ಪಿನಾರ್ದಿ ಎಂಬವನಿಗೆ ಸೇರಿದ ತಗ್ಗು ಮಾಡಿನ ಒಂದು ಕೊಟ್ಟಿಗೆಯೇ ಅವರ ನೆಲೆಯಾಯಿತು. ತಲೆ ತಾಗದಂತೆ ಅದರ ನೆಲವನ್ನು ಅಗೆದು ತಗ್ಗಿಸಿ, ಅದನ್ನೇ ಪ್ರಾರ್ಥನಾಲಯ ಮಾಡಿಕೊಂಡರು.

ಅದೇ ಬೇಸಿಗೆಯಲ್ಲಿ ಅತಿಶ್ರಮದಿಂದ ಅವರು ಸಾವಿನಂಚಿಗೆ ತಲುಪಿದಾಗ, ಹಗಲೆಲ್ಲ ಸುಣ್ಣ ಕಲ್ಲು ಹೊತ್ತ ಹುಡುಗರು ಸಂಜೆ ಮರಿಯಮ್ಮನವರ ಪುಣ್ಯಕ್ಷೇತ್ರಕ್ಕೆ ಹೋಗಿ ಅತ್ತು ಬೇಡಿದರು. ಕೆಲವರು ರೊಟ್ಟಿ ನೀರಿನಲ್ಲಿಯೇ ಉಪವಾಸ ಕೈಗೊಂಡರು. ಚೇತರಿಸಿಕೊಂಡ ಡಾನ್ ಬೋಸ್ಕೊ, ತಮಗೆ ಮರಳಿ ದೊರೆತ ಈ ಜೀವವು ಇನ್ನು ನಿಮ್ಮದೇ ಎಂದು ಅವರಿಗೆ ಮಾತು ಕೊಟ್ಟರು. ನವೆಂಬರ್ ೩ರಂದು ಐವತ್ತೆಂಟು ವರ್ಷದ ತಾಯಿ ಮಾರ್ಗರೀತ ತಮ್ಮ ಹೊಲಮನೆಯನ್ನು ಬಿಟ್ಟು, ಮಗನೊಂದಿಗೆ ಕಾಲ್ನಡಿಗೆಯಲ್ಲಿ ಬಂದು ಆ ಹುಡುಗರಿಗೆ ತಾಯಿಯಾದರು. ೧೮೪೭ರ ಮೇ ತಿಂಗಳ ಒಂದು ಮಳೆಯ ರಾತ್ರಿ ನೆನೆದು ಬಂದ ಅನಾಥ ಬಾಲಕನಿಗೆ ಅಡುಗೆಮನೆಯಲ್ಲಿಯೇ ಹಾಸಿಗೆ ಹಾಸಿ, ಮಲಗುವ ಮುನ್ನ ನಾಲ್ಕು ಒಳ್ಳೆಯ ಮಾತು ಹೇಳಿದವರು ಅವರೇ. ಓದು ಬಾರದ ಈ ತಾಯಿ ೧೮೫೬ರಲ್ಲಿ ಕಣ್ಮುಚ್ಚುವವರೆಗೂ ಅವರ ಬಟ್ಟೆ ಹೊಲಿದರು, ಅನ್ನ ಬಡಿಸಿದರು. ನಮ್ಮ ಮಾತೆಯರು ಇದನ್ನು ಗಮನಿಸಬೇಕು: ಮಾರ್ಗದರ್ಶನಕ್ಕೆ ಪಾಂಡಿತ್ಯವೇ ಬೇಕೆಂದೇನಿಲ್ಲ.

ಡಾನ್ ಬೋಸ್ಕೊರವರ ಸ್ನೇಹವು ಕೇವಲ ಪ್ರಾರ್ಥನೆಯಲ್ಲಿ ಮುಗಿಯುತ್ತಿರಲಿಲ್ಲ. ಹುಡುಗರನ್ನು ಕೆಲಸಕ್ಕೆ ಸೇರಿಸುವಾಗ ಯಜಮಾನರೊಂದಿಗೆ ಅವರು ಮಾಡಿಸಿದ, ೧೮೫೧ ಮತ್ತು ೧೮೫೨ರ ಒಪ್ಪಂದ ಪತ್ರಗಳು ಇಂದಿಗೂ ಉಳಿದಿವೆ. ತಪ್ಪು ಮಾಡಿದರೆ ಮಾತಿನಿಂದ ತಿದ್ದಬೇಕು, ಹೊಡೆಯಬಾರದು. ಕಸುಬಿಗೆ ಸಂಬಂಧವಿಲ್ಲದ ಚಾಕರಿ ಮಾಡಿಸಬಾರದು. ಭಾನುವಾರ ಹಾಗೂ ಹಬ್ಬದ ದಿನಗಳಲ್ಲಿ ಬಿಡುವು ಕೊಡಬೇಕು ಎಂಬ ಷರತ್ತುಗಳು ಅವುಗಳಲ್ಲಿವೆ. ಡಾನ್ ಬೋಸ್ಕೊರವರ ಸಹಿಯೂ ಅವುಗಳ ಮೇಲಿದೆ. ೧೮೫೩ರಲ್ಲಿ ಚಮ್ಮಾರಿಕೆ ಮತ್ತು ದರ್ಜಿ ಕೆಲಸದ ಕಾರ್ಯಾಗಾರಗಳನ್ನು ಅವರು ತಾವೇ ತೆರೆದರು.

ಯುವಕರಿಗೆ ಯುವಕರೇ ಆಸರೆ

೧೮೫೪ರಲ್ಲಿ ಟ್ಯೂರಿನ್ ನಗರಕ್ಕೆ ಕಾಲರಾ ಮಹಾಮಾರಿ ಬಡಿಯಿತು. ಬಂಧುಗಳೇ ರೋಗಿಗಳನ್ನು ಬಿಟ್ಟು ಓಡುತ್ತಿದ್ದ ಆ ದಿನಗಳಲ್ಲಿ ಡಾನ್ ಬೋಸ್ಕೊರವರ ಹುಡುಗರು ತಾವಾಗಿಯೇ ಮುಂದೆ ಬಂದು ಮನೆ ಮನೆಗೆ ಹೋಗಿ ಶುಶ್ರೂಷೆ ಮಾಡಿದರು. ಬೀದಿಯ ಪುಂಡರೆನಿಸಿದವರೇ ನಗರಕ್ಕೆ ಆಸರೆಯಾದರು. ನಂಬಿಕೆಯಿಟ್ಟು ಹೊಣೆ ಒಪ್ಪಿಸಿದರೆ ಯುವಕರು ಎಷ್ಟು ಎತ್ತರಕ್ಕೆ ಏರಬಲ್ಲರೆಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ?

ಅದೇ ವರ್ಷದ ಅಕ್ಟೋಬರಿನಲ್ಲಿ ಹನ್ನೆರಡು ವರ್ಷದ ದೊಮಿನಿಕ್ ಸಾವಿಯೊ ಅಲ್ಲಿಗೆ ಬಂದನು. ಸಂತನಾಗಬೇಕೆಂಬ ಹಂಬಲದಿಂದ ಅವನು ಆಟ ಬಿಟ್ಟು ಮಂಕಾಗಿ ಕುಳಿತಾಗ, ಡಾನ್ ಬೋಸ್ಕೊ ಅವನಿಗೆ ಕಠಿಣ ತಪಸ್ಸನ್ನು ವಿಧಿಸಲಿಲ್ಲ. ನಗುನಗುತ್ತಿರು, ನಿನ್ನ ಓದು ಮತ್ತು ಪ್ರಾರ್ಥನೆಯನ್ನು ತಪ್ಪದೆ ಮಾಡು, ಜೊತೆಗಾರರಿಗೆ ಒಳಿತು ಮಾಡು ಎಂದಷ್ಟೇ ತಿಳಿಸಿದರು. ೧೮೫೬ರ ಜೂನ್ ೮ರಂದು ಸಾವಿಯೊ ಮತ್ತು ಅವನ ಗೆಳೆಯರು ಅಮಲೋದ್ಭವ ಮಾತೆಯ ಸಂಘವನ್ನು ಸ್ಥಾಪಿಸಿದರು. ಹೊಸದಾಗಿ ಬಂದ, ಒಂಟಿಯಾದ, ತುಂಟರಾದ ಹುಡುಗರಿಗೆ ಜೊತೆಯಾಗಿರುವುದು ಈ ಸಂಘದ ಸದಸ್ಯರ ಒಂದು ಮುಖ್ಯ ಕೆಲಸ. ೧೮೫೭ರ ಮಾರ್ಚ್ ೯ರಂದು, ಹದಿನೈದು ತುಂಬುವ ಮೊದಲೇ, ಸಾವಿಯೊ ದೇವರ ಪಾದ ಸೇರಿದನು. ೧೯೫೪ರಲ್ಲಿ ಧರ್ಮಸಭೆಯು ಅವನನ್ನು ಸಂತರ ಸಾಲಿಗೆ ಸೇರಿಸಿತು. ಹೆಣ್ಣುಮಕ್ಕಳಿಗಾಗಿ ಇಂತಹುದೇ ಸೇವೆಯನ್ನು ಮೊರ್ನೆಸೆ ಎಂಬ ಹಳ್ಳಿಯಲ್ಲಿ ಮರಿಯ ಮಜ್ಜರೆಲ್ಲೊ ಎಂಬ ರೈತ ಯುವತಿಯು ಹೊಲಿಗೆ ಕಲಿಸುವುದರೊಂದಿಗೆ ಆರಂಭಿಸಿದ್ದಳು. ೧೮೭೨ರಲ್ಲಿ ಆಕೆ ಮತ್ತು ಡಾನ್ ಬೋಸ್ಕೊ ಸೇರಿ ಕನ್ಯಾಸ್ತ್ರೀಯರ ಸಭೆಯನ್ನು ಕಟ್ಟಿದರು.

ಮಿಕೆಲೆ ರುವಾ ಎಂಬ ಚಿಕ್ಕ ಹುಡುಗನಿಗೆ ಡಾನ್ ಬೋಸ್ಕೊ ಒಮ್ಮೆ ತಮ್ಮ ಅಂಗೈಯನ್ನು ಇನ್ನೊಂದು ಕೈಯಿಂದ ಎರಡು ಭಾಗ ಮಾಡುವಂತೆ ತೋರಿಸಿ, ನಾವಿಬ್ಬರೂ ಎಲ್ಲವನ್ನೂ ಅರ್ಧ ಅರ್ಧ ಹಂಚಿಕೊಳ್ಳೋಣವೆಂದರು. ಹುಡುಗನಿಗೆ ಅಂದು ಅದು ಅರ್ಥವಾಗಲಿಲ್ಲ. ೧೮೫೯ರ ಡಿಸೆಂಬರ್ ೧೮ರಂದು ಸಲೇಶಿಯನ್ ಸಭೆಯು ಹುಟ್ಟಿದಾಗ ಆ ಕೋಣೆಯಲ್ಲಿ ರುವಾ ಇದ್ದರು. ೧೮೮೮ರ ಜನವರಿ ೩೧ರಂದು ಡಾನ್ ಬೋಸ್ಕೊ ದೈವಾಧೀನರಾದ ಬಳಿಕ ಇಡೀ ಸಭೆಯ ಹೊರೆಯನ್ನು ಹೊತ್ತವರೂ ಅವರೇ. ಅವರ ಆಡಳಿತಕಾಲದಲ್ಲಿ, ೧೯೦೬ರ ಜನವರಿಯಲ್ಲಿ, ಗುರು ಜಾರ್ಜ್ ತೊಮಾತಿಸ್‌ರವರ ನೇತೃತ್ವದಲ್ಲಿ ಮೊದಲ ಸಲೇಶಿಯನ್ನರು ನಮ್ಮ ನೆರೆಯ ತಂಜಾವೂರಿಗೆ ಬಂದಿಳಿದರು. ಇಂದು ಬೆಂಗಳೂರಿನಲ್ಲಿಯೂ ಕನ್ನಡನಾಡಿನ ಇತರೆಡೆಗಳಲ್ಲಿಯೂ ಅವರ ಸಂಸ್ಥೆಗಳಿವೆ. ಎಲ್ಲಿಯ ಮುರಿಯಾಲ್ದೊ, ಎಲ್ಲಿಯ ತಂಜಾವೂರು! ಕಾಲೊಸ್ಸೊ ಒಬ್ಬ ಹುಡುಗನನ್ನು ತಡೆದು ಮಾತನಾಡಿಸಿದರು. ಆ ಹುಡುಗನು ರುವಾನ ಕೈ ಹಿಡಿದನು. ರುವಾ ಕಳುಹಿಸಿದವರು ನಮ್ಮ ದೇಶಕ್ಕೆ ಬಂದರು. ತನ್ನ ಒಂದು ವರ್ಷದ ಶ್ರಮವು ಇಷ್ಟು ದೂರ ಬೆಳಕು ಬೀರುವುದೆಂದು ಆ ವೃದ್ಧ ಗುರುವಿಗೆ ತಿಳಿದಿರಲೇ ಇಲ್ಲ.

ನಮ್ಮ ಆತ್ಮಶೋಧನೆ

೧೮೮೪ರ ಮೇ ೧೦ರಂದು, ಮುಪ್ಪಿನಲ್ಲಿ, ಡಾನ್ ಬೋಸ್ಕೊ ರೋಮಿನಿಂದ ತಮ್ಮವರಿಗೆ ಒಂದು ಪತ್ರ ಬರೆದರು. ಸಂಸ್ಥೆ ದೊಡ್ಡದಾಗಿತ್ತು, ಕಟ್ಟಡಗಳು ಎದ್ದಿದ್ದವು. ಆದರೆ ಗುರುಗಳು ಹುಡುಗರ ಅಂಗಳದಿಂದ ದೂರ ಸರಿದಿದ್ದರು. ಮಕ್ಕಳನ್ನು ಪ್ರೀತಿಸಿದರೆ ಸಾಲದು, ತಾವು ಪ್ರೀತಿಸಲ್ಪಡುತ್ತಿದ್ದೇವೆಂಬುದು ಅವರಿಗೆ ತಿಳಿಯುವಂತಿರಬೇಕು ಎಂಬುದೇ ಆ ಪತ್ರದ ತಿರುಳು. ನೂರು ವರ್ಷದ ದೇವಾಲಯವನ್ನು ಕೊಂಡಾಡುತ್ತಿರುವ ನಮಗೂ ಈ ಎಚ್ಚರಿಕೆ ಸಲ್ಲುತ್ತದೆ.

ಇಲ್ಲಿ ನಮ್ಮದೇ ಒಂದು ತಪ್ಪನ್ನು ನಿವೇದಿಸಿಕೊಳ್ಳದೆ ಮುಂದುವರಿಯುವುದು ಪ್ರಾಮಾಣಿಕತೆಯಾಗದು. ಹಲವು ವರ್ಷಗಳ ಹಿಂದೆ, ಬೇರೊಂದು ಧರ್ಮಕೇಂದ್ರದಲ್ಲಿ ನಾವು ಸೇವೆಯಲ್ಲಿದ್ದಾಗ, ಹಬ್ಬದ ಹಿಂದಿನ ದಿನ ಗಾಯನವೃಂದದವರ ಎದುರಿಗೆ ಒಬ್ಬ ತರುಣನ ಕೈಗೆ ಪುಸ್ತಕ ಕೊಟ್ಟು, ನಾಳೆಯ ಮೊದಲ ವಾಚನವನ್ನು ಓದಿ ತೋರಿಸು ಎಂದೆವು. ಅವನು ತಲೆ ತಗ್ಗಿಸಿ ನಿಂತನು. ಎರಡನೆಯ ಬಾರಿ ಹೇಳಿದರೂ ಬಾಯಿ ಬಿಡಲಿಲ್ಲ. ದೇವರ ವಾಕ್ಯವೆಂದರೆ ಇಷ್ಟು ಅಸಡ್ಡೆಯೇ ಎಂದು ಎಲ್ಲರ ಮುಂದೆ ಗದರಿಸಿ ಕಳುಹಿಸಿದೆವು. ಮರುದಿನ ಹಬ್ಬಕ್ಕೆ ಅವನು ಬರಲಿಲ್ಲ. ಆ ಮೇಲೆಯೂ ಬರಲಿಲ್ಲ. ನಾವೂ ಹುಡುಕಿಕೊಂಡು ಹೋಗಲಿಲ್ಲ. ಸುಮಾರು ಹತ್ತು ವರ್ಷಗಳ ಬಳಿಕ ಅವನ ತಾಯಿಯ ಅಂತ್ಯಕ್ರಿಯೆಗೆಂದು ನಾವು ಆ ಊರಿಗೆ ಹೋದಾಗ, ಸಮಾಧಿಯ ಬಳಿ ಅವನು ಕೈಮುಗಿದು, "ಸ್ವಾಮಿ, ಆವತ್ತು ನನಗೆ ಅಸಡ್ಡೆ ಇರಲಿಲ್ಲ. ನನಗೆ ಓದೋಕೆ ಬರ್ತಿರಲಿಲ್ಲ. ಅಷ್ಟು ಜನರ ಮುಂದೆ ಹೇಗೆ ಹೇಳಲಿ?" ಎಂದನು. ಗುರುಮಠದಲ್ಲಿ ಗರೆಲ್ಲಿಯ ಕಥೆಯನ್ನು ಎಷ್ಟು ಬಾರಿ ಓದಿದ್ದೆವು! ಗರೆಲ್ಲಿಯೇ ಎದುರಿಗೆ ಬಂದು ನಿಂತಾಗ ನಾವು ಡಾನ್ ಬೋಸ್ಕೊ ಆಗಲಿಲ್ಲ. ಕೋಲು ಹಿಡಿದ ಸೇವಕರಾದೆವು. ಕ್ಷಮೆ ಕೇಳಿದೆವು, ಅವನು ಕ್ಷಮಿಸಿದನು. ಆದರೆ ಆ ಹತ್ತು ವರ್ಷಗಳನ್ನು ಹಿಂದಕ್ಕೆ ಕೊಡುವ ಶಕ್ತಿ ನಮಗಿರಲಿಲ್ಲ.

ಆದುದರಿಂದ ಈ ಶತಮಾನೋತ್ಸವದಲ್ಲಿ ನಮ್ಮ ಧರ್ಮಕೇಂದ್ರದ ಹಿರಿಯರಲ್ಲಿ ಒಂದು ವಿನಂತಿ. ನಮ್ಮ ಜ್ಞಾನಸ್ನಾನದ ದಾಖಲೆ ಪುಸ್ತಕದಲ್ಲಿ ಹದಿನೈದು, ಇಪ್ಪತ್ತು ವರ್ಷಗಳ ಹಿಂದಿನ ಪುಟಗಳನ್ನು ಈಚೆಗೆ ನಾವು ತೆರೆದು ಕುಳಿತೆವು. ಪ್ರತಿಯೊಂದು ಹೆಸರಿನ ಮುಂದೆಯೂ ಜ್ಞಾನತಂದೆ ಜ್ಞಾನತಾಯಿಯರ ಹೆಸರುಗಳಿವೆ. ಆ ಹೆಸರುಗಳು ಅಲಂಕಾರಕ್ಕಾಗಿ ಬರೆದವುಗಳಲ್ಲ, ವಾಗ್ದಾನದ ಗುರುತುಗಳು. ನಿಮ್ಮ ಜ್ಞಾನಪುತ್ರನು, ಜ್ಞಾನಪುತ್ರಿಯು ಇಂದು ಎಲ್ಲಿದ್ದಾರೆ? ಪರೀಕ್ಷೆಯಲ್ಲಿ ಅನುತ್ತೀರ್ಣನಾದ ನಾಚಿಕೆಯಿಂದ ಮನೆಯಲ್ಲಿ ಅವಿತಿದ್ದಾನೆಯೇ? ದೂರದ ನಗರದಲ್ಲಿ ಕೆಲಸಕ್ಕೆ ಸೇರಿ ಒಂಟಿಯಾಗಿದ್ದಾಳೆಯೇ? ಭಾನುವಾರ ಪೂಜೆಯ ವೇಳೆಯಲ್ಲಿ ದೇವಾಲಯದ ಹೊರಗೆ ಮರದ ನೆರಳಿನಲ್ಲಿ ನಿಲ್ಲುವ ಹುಡುಗರನ್ನು ಕಂಡು ಗೊಣಗುವುದು ಸುಲಭ. ಅವರಲ್ಲಿ ಒಬ್ಬನ ಹೆಸರನ್ನಾದರೂ ತಿಳಿದು, ಹೆಸರು ಹಿಡಿದು ಕರೆಯುವುದು ಕಷ್ಟ. ಆ ಕಷ್ಟವನ್ನು ಪ್ರತಿಯೊಬ್ಬ ಹಿರಿಯನೂ, ಹಿರಿಯಳೂ ಒಬ್ಬೊಬ್ಬರಿಗಾಗಿ ಕೈಗೊಂಡರೆ ಸಾಕು. ಓದು ಬಲ್ಲವರು ಓದಿನಲ್ಲಿ, ಕಸುಬು ಬಲ್ಲವರು ಕಸುಬಿನಲ್ಲಿ, ಏನೂ ಬಾರದೆಂದುಕೊಂಡವರು ಮಾರ್ಗರೀತಳಂತೆ ಒಂದು ತುತ್ತು ಅನ್ನದಲ್ಲಿ ಜೊತೆಯಾಗಲಿ. ಯುವಜನರಿಗೂ ಒಂದು ಮಾತು: ನಿಮ್ಮ ಗೆಳೆಯನನ್ನು ಒಳಗೆ ಕರೆತರಬಲ್ಲವರು ನಮಗಿಂತ ಮೊದಲು ನೀವೇ, ಗರೆಲ್ಲಿಯೂ ಸಾವಿಯೊನೂ ಅದನ್ನೇ ಮಾಡಿದರು.

ನಮ್ಮ ಮಟ್ಟಿಗೆ, ಸಂಜೆಯ ವೇಳೆ ದೇವಾಲಯದ ಅಂಗಳದ ಗೇಟನ್ನು ಇನ್ನು ಮುಂದೆ ಮುಚ್ಚುವುದಿಲ್ಲ. ಚೆಂಡಿನ ಸದ್ದಿನಿಂದ ನಮ್ಮ ಜಪಕ್ಕೆ ಭಂಗವಾದರೆ, ಆ ಸದ್ದನ್ನೇ ಜಪದಲ್ಲಿ ಸೇರಿಸಿಕೊಳ್ಳುತ್ತೇವೆ.

ಇನ್ನು ನೂರು ವರ್ಷಗಳ ನಂತರ ಈ ದೇವಾಲಯದ ದ್ವಿಶತಮಾನೋತ್ಸವದ ಸಂಚಿಕೆಯನ್ನು ಬರೆಯುವವರು ನಮ್ಮ ಹೆಸರುಗಳನ್ನು ಬಲ್ಲರೋ ಇಲ್ಲವೋ ತಿಳಿಯದು. ಅದರ ಅಗತ್ಯವೂ ಇಲ್ಲ. ಅಂದು ಬಲಿಪೀಠದ ಸುತ್ತ ವಿಶ್ವಾಸಿಗಳು ನಿಂತಿದ್ದರೆ, ಇಂದು ಯಾರೋ ಒಬ್ಬ ಹಿರಿಯರು ಬಾಗಿಲಲ್ಲಿ ನಿಂತ ಒಬ್ಬ ಬಾಲಕನನ್ನು ಸ್ನೇಹಿತನೆಂದು ಒಳಗೆ ಕರೆದಿದ್ದರೆಂಬುದಕ್ಕೆ ಅದೇ ಸಾಕ್ಷಿಯಾಗುವುದು. ಮಕ್ಕಳನ್ನು ತಮ್ಮ ಬಳಿಗೆ ಬರಗೊಡಿಸಿದ ಪ್ರಭು ಯೇಸುಕ್ರಿಸ್ತರು, ಕ್ರೈಸ್ತರ ಸಹಾಯ ಮಾತೆಯ ಮತ್ತು ಸಂತ ಜಾನ್ ಬೋಸ್ಕೊರವರ ಬಿನ್ನಹಗಳ ಮೂಲಕ ನಮ್ಮ ಯುವಜನರನ್ನೂ, ಅವರನ್ನು ಹುಡುಕಿ ಹೋಗುವ ನಿಮ್ಮೆಲ್ಲರನ್ನೂ ಆಶೀರ್ವದಿಸಲಿ.